ಭಾವನ ಕಾಲಿಗೆ ತಗಡಿನ ಮರೆ

ಮೋಟಾರ್ ಸೈಕಲ್ಲಿಗೆ ಒಂದು ತಗಡಿನ ಮರೆ ಕಟ್ಟುವಾಗ ನನ್ನ ಭಾವನ ಗುಟ್ಟು ನನಗೆ ತಿಳಿಯಿತು. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ನನ್ನ ಅಕ್ಕ ಗಂಡನ ಮನೆಯಲ್ಲಿ ಬಾಳುತ್ತಿದ್ದಳು. ನಾನು ಇಟ್ಟುಕೊಳ್ಳಲಿಲ್ಲ. ನನ್ನ ಕಥೆ ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಕೈ ತೊಳೆದುಕೊಂಡರೆ ಇನ್ನೊಮ್ಮೆ ತಪ್ಪಿಸಿಕೊಂಡಂತಾಗುತ್ತದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಆಗ ದೊಡ್ಡ ಯುದ್ಧ ಮುಗಿದಿತ್ತು. ರಾಯಚೂರಿನಲ್ಲಿ ಇನ್ನೂ ನಿಜಾಮರ ಕಾಲ. ನಾನು ಉರ್ದುವಿನಲ್ಲಿ ಹೈಸ್ಕೂಲು ಮುಗಿಸಿ, ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, ಎಲ್ಲಿಯೂ ಕೆಲಸ ಸಿಗದೆ ಸ್ಟೇಷನ್ ರಸ್ತೆಯ ಒಂದು ಸೈಕಲ್ ಅಂಗಡಿಯಲ್ಲಿ ಕುಳಿತಿದ್ದೆ. ಅಂಗಡಿ ಒಬ್ಬ ವಯಸ್ಸಾದ ಮುಸಲ್ಮಾನರದು. ಊರೆಲ್ಲ ಅವರನ್ನು ಉಸ್ತಾದರೆಂದೇ ಕರೆಯುತ್ತಿತ್ತು. ಸೈಕಲ್ ರಿಪೇರಿಯ ಜೊತೆಗೆ ತಗಡಿನ ಕೆಲಸವನ್ನೂ ಮಾಡುತ್ತಿದ್ದರು: ಬಕೀಟು, ಲಾಳಿಕೆ, ಮದುವೆಯ ಟ್ರಂಕು.

ಅವರ ಅಂಗಡಿಯಲ್ಲಿ ಅಳತೆಪಟ್ಟಿ ಇರಲಿಲ್ಲ. ಸೈಕಲ್ಲಿನ ಸೀಟು ಏರಿಸಬೇಕಾದರೂ ಹ್ಯಾಂಡಲ್ ತಿರುಗಿಸಬೇಕಾದರೂ ಗಿರಾಕಿಯನ್ನೇ ಮೇಲೆ ಕೂಡಿಸಬೇಕು, “ಹ್ಯಾಂಗ ಅನಸ್ತದ?” ಎಂದು ಕೇಳಬೇಕು, ಅವನು ಸಾಕು ಎನ್ನುವ ತನಕ ತಿರುಪು ಬಿಗಿಯಬೇಕು. ನಾನು ಹೊಸದರಲ್ಲಿ ಶಾಲೆಯ ಫೂಟುಪಟ್ಟಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಉಸ್ತಾದರು ಅದನ್ನು ಕಿತ್ತುಕೊಂಡು ತಮ್ಮ ಬೆನ್ನು ತುರಿಸಿಕೊಂಡರು.

“ಅರೆ ಮಿಯಾ, ಪಟ್ಟಿ ಸುಳ್ಳು ಹೇಳಬಹುದು, ಆದ್ಮಿ ಮೈ ಸುಳ್ಳು ಹೇಳಂಗಿಲ್ಲ. ಮೈ ಕೇಳು, ಮೈ.”

ಅದನ್ನೇ ನಾನು ಕಲಿತೆ.

ಅಕ್ಕನನ್ನು ಮಾನ್ವಿಗೆ ಕೊಟ್ಟಿತ್ತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅಪ್ಪ ನಾವು ಸಣ್ಣವರಿರುವಾಗಲೇ ಹೋಗಿದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ಭಾವ ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿಗೆ ಹತ್ತಿ ಕೊಳ್ಳುವ ಕೆಲಸದಲ್ಲಿದ್ದ. ಮಾನ್ವಿ, ದೇವದುರ್ಗ, ಮಲ್ಲಟದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ರೈತರ ಅಂಗಳದಲ್ಲಿ ಕುಳಿತು, ಒಂದು ಚಿಟಿಕೆ ಅರಳೆ ತೆಗೆದು ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆದು ನೋಡುವನು. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಎಲ್ಲ ಬೆರಳಿಗೇ ಗೊತ್ತಾಗುತ್ತಿತ್ತು. ಮೊದಲು ಎತ್ತಿನ ಬಂಡಿಯಲ್ಲೋ ಬಾಡಿಗೆ ಕುದುರೆಯ ಮೇಲೋ ಓಡಾಡುತ್ತಿದ್ದ. ಯುದ್ಧ ಮುಗಿದ ಮೇಲೆ ಮಿಲ್ಲಿನ ಸಾವುಕಾರರು ಸಿಕಂದರಾಬಾದಿನಲ್ಲಿ ಮಿಲಿಟರಿಯವರು ಮಾರಿಬಿಟ್ಟ ಒಂದು ಹಳೆಯ ಮೋಟಾರ್ ಸೈಕಲ್ಲನ್ನು ತರಿಸಿ ಅವನಿಗೆ ಕೊಟ್ಟರು. ದೇವದುರ್ಗದ ಸಂತೆಗೆ ಅದು ಬಂದರೆ ಎತ್ತುಗಳು ಹಗ್ಗ ಹರಿದುಕೊಳ್ಳುತ್ತಿದ್ದವು. ಭಾವ ಅದನ್ನು ಹೇಳಿ ಹೇಳಿ ನಗುತ್ತಿದ್ದ. ಎಲ್ಲದಕ್ಕೂ ನಗುವ ಮನುಷ್ಯ ಅವನು.

ಒಂದು ಸಲ ಮಾನ್ವಿಗೆ ಹೋದಾಗ ಅಕ್ಕ ಒಣಗಿದ ಧೋತರಗಳನ್ನು ಮಡಚುತ್ತ ಕುಳಿತಿದ್ದಳು. ಒಂದೊಂದರ ಅಂಚಿನಲ್ಲೂ ಕಂದು ಕಲೆ, ಒಂದೆರಡರಲ್ಲಿ ತೂತು.

“ನೋಡಿಲ್ಲಿ,” ಎಂದಳು. “ಗಾಡಿ ಹೊಗಿ ಕೊಳಿವಿಗೆ ತಾಗಿ ಸುಟ್ಟಾವ. ಧೋತರ ಹ್ವಾದ್ರ ಹೋಗ್ಲಿ, ಕಾಲಿಗೂ ಬೊಬ್ಬಿ ಎದ್ದಾವ. ಕೇಳಿದ್ರ ಏನಿಲ್ಲ ಏನಿಲ್ಲ ಅಂತಾರ.”

“ಮಿಲಿಟರ್ಯಾಗ ಅದಕ್ಕ ತಗಡಿನ ಮರಿ ಇರ್ತದಕ್ಕಾ. ಯಾರೋ ಕಿತ್ತಿರಬೇಕು.”

“ಹಂಗಾರ ನೀ ಒಂದು ಮಾಡಿ ಕೊಡು. ನೀನೇ ಮಾಡು, ಬ್ಯಾರೆ ಯಾರಿಗೂ ಹೇಳಬ್ಯಾಡ. ಉಸ್ತಾದ ಇದ್ದಾನ, ಅವ ಇದ್ದಾನ ಅಂತ ಊರೆಲ್ಲ ಕೂಡಿಸಬ್ಯಾಡ. ತಿಳೀತಿಲ್ಲ?”

ನನ್ನ ಕೈಕೆಲಸದ ಮೇಲೆ ಅಕ್ಕನಿಗೆ ಅಭಿಮಾನ ಎಂದುಕೊಂಡೆ. ಹಿಗ್ಗಿದೆ.

ಮುಂದಿನ ಶುಕ್ರವಾರ ಭಾವ ಬಂದ. ಬೆಳಿಗ್ಗೆ ನಮ್ಮ ಮನೆಯಲ್ಲಿ ರೊಟ್ಟಿ ತಿಂದು, ಮಿಲ್ಲಿಗೆ ಹೋಗಿ, ಮಧ್ಯಾಹ್ನ ಅಂಗಡಿಗೆ ಬಂದು ಗಾಡಿ ನಿಲ್ಲಿಸಿದ. ಉಸ್ತಾದರು ನಮಾಜಿಗೆ ಹೋಗಿದ್ದರು. ನಾನೊಬ್ಬನೇ ಇದ್ದೆ.

“ಏನ್ರೀ ಇಂಜಿನಿಯರ ಸಾಹೇಬ್ರ,” ಎಂದ, “ನಿಮ್ಮಕ್ಕನ ಹುಕುಂ ಆಗ್ಯದ. ಕಾಲಿಗೆ ಕವಚ ತೊಡಿಸಿಕೊಂಡು ಬರಬೇಕಂತ. ತೊಡಸ್ರಿ.”

“ಯುದ್ಧ ಮುಗದ ಮ್ಯಾಲೆ ಕವಚ ಯಾಕ್ರೀ ಭಾವ?”

“ಹೊರಗಿಂದು ಮುಗದದಪಾ. ಮನಿಯಾಗಿಂದು ನಡದದ.”

ನಾನು ತಗಡನ್ನು ಆಗಲೇ ತಯಾರು ಮಾಡಿದ್ದೆ. ಎಣ್ಣೆ ಡಬ್ಬಿಯ ತಗಡು ತೆಳು ಎಂದು ಹಳೆಯ ಟ್ರಂಕಿನ ಮುಚ್ಚಳವನ್ನು ಕತ್ತರಿಸಿ, ಬಡಿದು, ಕೊಳವೆಯ ಮೇಲೆ ಅರ್ಧ ಚಂದ್ರದ ಹಾಗೆ ಬಾಗಿ ಕೂಡುವಂತೆ ಮಾಡಿದ್ದೆ. ಅದನ್ನು ಹಿಡಿದುಕೊಳ್ಳಲು ಹತ್ತಿ ಒತ್ತಿ ಕಟ್ಟಿದ ಅಂಡಿಗೆಗೆ ಬಿಗಿಯುವ ಕಬ್ಬಿಣದ ಪಟ್ಟಿಯ ಎರಡು ತುಂಡು. ಕೊಳವೆಗೂ ತಗಡಿಗೂ ನಡುವೆ ಎರಡು ಬೆರಳು ಸಂದು ಬಿಟ್ಟು ಕಟ್ಟಿದೆ. ಅಷ್ಟು ಗಾಳಿ ಆಡಿದರೆ ತಗಡು ಕಾಯುವುದಿಲ್ಲ. ಇದು ನನಗೆ ಗೊತ್ತಿತ್ತು.

ಭಾವನನ್ನು ಮೇಲೆ ಕೂಡಿಸಿದೆ. ಧೋತರವನ್ನು ಮೊಣಕಾಲಿನ ತನಕ ಎತ್ತಿ ಕಚ್ಚೆಗೆ ಸಿಕ್ಕಿಸಿಕೊಂಡ. ಬರಿಗಾಲು.

“ಹ್ಯಾಂಗ ಅನಸ್ತದ?”

“ಕಾಲು ಹೊರಗ ನೂಕ್ತದಲೇ. ಪೆಡಲಿಗೆ ಎಟುಕವಲ್ದು. ಒಳಗ ತಗೋ.”

ಪಟ್ಟಿಯನ್ನು ಬಗ್ಗಿಸಿ ಒಂದು ಬೆರಳು ಒಳಗೆ ತೆಗೆದುಕೊಂಡೆ. ಇಂಜಿನ್ ಶುರು ಮಾಡಿಸಿ, ಕೊಳವೆ ಕಾಯುವ ತನಕ ಬಿಟ್ಟು, ಮತ್ತೆ ಕೇಳಿದೆ.

“ಈಗ ಸುಡ್ತದೇನು?”

“ಏನಿಲ್ಲ. ಥಣ್ಣಗದ. ಇನ್ನೂ ತಗೋ.”

“ಇನ್ನೂ ತಗೊಂಡ್ರ ಕೊಳಿವಿಗೆ ಹತ್ತತದ ಭಾವ.”

“ಹತ್ಲಿ ಬಿಡೋ. ಕೂತಾವ ನಾನೋ ನೀನೋ?”

ಕುಳಿತವನು ಅವನೇ. ಗಿರಾಕಿಯ ಮೈ ಸುಳ್ಳು ಹೇಳುವುದಿಲ್ಲ. ನಾನು ತಿರುಪು ಬಿಗಿದೆ. ತಗಡು ಕೊಳವೆಗೆ ಒತ್ತಿಕೊಂಡಿತು. ಇಂಜಿನ್ ಓಡುತ್ತಲೇ ಇತ್ತು. ಭಾವ ಕಾಲನ್ನು ತಗಡಿಗೆ ಆನಿಸಿ ಕುಳಿತು ದೇವದುರ್ಗದ ಸಂತೆಯ ಕಥೆ ಹೇಳತೊಡಗಿದ. ಒಬ್ಬ ರೈತ ಹತ್ತಿಯ ತೂಕ ಹೆಚ್ಚಲಿ ಎಂದು ಚೀಲಕ್ಕೆ ನೀರು ಚಿಮುಕಿಸಿದ್ದನಂತೆ. ಚೀಲದೊಳಗಿಂದ ಒಂದು ಕಪ್ಪೆ ಜಿಗಿದು ತಕ್ಕಡಿಯಲ್ಲಿ ಕುಳಿತಿತಂತೆ.

“ನಾ ಅಂದೆ, ಯಪ್ಪಾ, ಹತ್ತಿ ಬ್ಯಾಡ, ಈ ಕಪ್ಪಿಗೆ ಏನ ರೇಟು ಹೇಳು…”

ನಾನೂ ನಗುತ್ತಿದ್ದೆ. ಆಗ ವಾಸನೆ ಬಂತು. ಮೊದಲು ಕೂದಲು ಸುಟ್ಟಂತೆ, ಆಮೇಲೆ ಬೇರೆ. ಧೋತರಕ್ಕೆ ಕಿಡಿ ತಾಗಿತೇ ಎಂದು ಬಗ್ಗಿ ನೋಡಿದೆ. ಧೋತರ ಮೇಲೆ ಇತ್ತು. ತಗಡನ್ನು ಮುಟ್ಟಿದೆ. ಅಂಗೈ ಚುರ್ರೆಂದಿತು, ಕೈ ಕಿತ್ತುಕೊಂಡೆ. ಅದೇ ತಗಡಿಗೆ ಭಾವನ ಮೀನಖಂಡ ಒತ್ತಿಕೊಂಡಿತ್ತು. ಅವನು ಕಪ್ಪೆಯ ರೇಟು ಹೇಳುತ್ತಲೇ ಇದ್ದ.

ಅವನು ನನ್ನ ಮುಖ ನೋಡಿದ. ಆಮೇಲೆ ಕಾಲು ನೋಡಿಕೊಂಡ. ಕಾಲು ತೆಗೆದಾಗ ಚರ್ಮ ತಗಡಿಗೆ ಅಂಟಿ ಬಂತು. ಒಂದು ಉಶ್ ಎಂಬ ಸದ್ದು ಕೂಡ ಅವನ ಬಾಯಿಂದ ಹೊರಡಲಿಲ್ಲ. ಇಂಜಿನ್ ಬಂದ್ ಮಾಡಿದ. ರಸ್ತೆಯಲ್ಲಿ ಜಟಕಾಗಳು ಹೋಗುತ್ತಿದ್ದವು.

“ಬಾಗಲಾ ಮುಂದ ಮಾಡು,” ಎಂದ.

ಬಾಗಿಲನ್ನು ಎಳೆದು ಮುಚ್ಚಿದೆ. ಅವನು ಸ್ಟೂಲಿನ ಮೇಲೆ ಕುಳಿತು ಕಾಲು ಚಾಚಿದ. ಇಷ್ಟು ಹೊತ್ತು ಗಾಡಿಯ ಕಡೆಗಿದ್ದ ಒಳಬದಿಯಲ್ಲಿ, ಸುಟ್ಟ ಗಾಯದ ಸುತ್ತ ಚರ್ಮ ಬಿಳಿಚಿತ್ತು. ಅಂಗೈ ಅಗಲದ ಮಚ್ಚೆ, ಅದರ ಮೇಲೆ ಹಳೆಯ ಸುಟ್ಟ ಕಲೆಗಳು, ಒಂದರ ಮೇಲೊಂದು. ನಮ್ಮ ಕಡೆ ಈ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ರೋಗ ಎನ್ನುತ್ತಾರೆ. ಕುಷ್ಠ ಎಂಬ ಮಾತನ್ನು ಆ ದಿನ ಅವನೂ ಆಡಲಿಲ್ಲ, ನಾನೂ ಆಡಲಿಲ್ಲ.

“ಹೋದ ವರ್ಷದಿಂದ ಅದ,” ಎಂದ. “ದೇವದುರ್ಗದಾಗ ಒಬ್ಬ ಹಕೀಮ ಎಣ್ಣಿ ಕೊಟ್ಟಾನ. ಹಚ್ಚಾಕತ್ತೀನಿ. ಇಷ್ಟ ಜಾಗಾ ಬಿಟ್ರ ಎಲ್ಲೂ ಇಲ್ಲ.”

ಅವನು ಕೋಟಿನ ಜೇಬಿನಿಂದ ಒಂದು ಚಿಟಿಕೆ ಅರಳೆ ತೆಗೆದು ಹೆಬ್ಬೆರಳುಗಳಲ್ಲಿ ಎಳೆದು ನನ್ನ ಮುಂದೆ ಹಿಡಿದ.

“ನೋಡು. ಬೆರಳು ಛಲೋ ಅದಾವ. ಒಂದೊಂದು ಎಳಿ ತಿಳೀತದ. ನೋಡೋ.”

ನಾನು ತೆಗೆದುಕೊಳ್ಳಲಿಲ್ಲ. ಅರಳೆ ನೆಲಕ್ಕೆ ಬಿತ್ತು.

“ನಿಮ್ಮಕ್ಕಗ ನಾನೇ ಹೇಳ್ತೀನಿ. ಹ್ಯಾಂಗ ಹೇಳಬೇಕಂತ ಯೋಚಿಸಾಕತ್ತೀನಿ. ನಿಮ್ಮವ್ವಗ ಮಾತ್ರ ಹೇಳಬ್ಯಾಡ. ಮಿಲ್ಲಿನಾಗ ಗೊತ್ತಾದ್ರ ನನ್ನ ಕೈ ಮುಟ್ಟಿದ ಹತ್ತಿ ಯಾರೂ ತಗೊಳ್ಳಂಗಿಲ್ಲ. ಮನಿಯಾಗ ಗೊತ್ತಾದ್ರ…”

ಅವನು ಕೈ ಚಾಚಿದ. ನಾನು ಬೊಬ್ಬೆ ಎದ್ದ ಅಂಗೈಯನ್ನು ಅವನ ಕೈಯಲ್ಲಿ ಇಟ್ಟು ಮಾತು ಕೊಟ್ಟೆ.

ಆಮೇಲೆ ತಗಡನ್ನು ಬಿಚ್ಚಿ, ಕೆರೆದು ತೊಳೆದು, ಪಟ್ಟಿಯನ್ನು ಉದ್ದ ಮಾಡಿ, ಪೆಡಲಿಗೆ ಅಡ್ಡ ಬಾರದ ಹಾಗೆ ಅಂಚನ್ನು ಕತ್ತರಿಸಿ ಮತ್ತೆ ಕಟ್ಟಿದೆ. ಈ ಸಲ ನಾನೇ ಮೇಲೆ ಕುಳಿತು, ನನ್ನ ಕಾಲನ್ನು ಆನಿಸಿ, ಇಂಜಿನ್ ಓಡಿಸಿ ನೋಡಿದೆ. ಬಿಸಿ ಹತ್ತಲಿಲ್ಲ. ಅದು ಒಳ್ಳೆಯ ಕೆಲಸ. ನನ್ನ ಕೈಯಿಂದ ಅವನಿಗಾದ ಒಳ್ಳೆಯದು ಅದೊಂದೇ.

ಹೋಗುವಾಗ ಅವನು ಮತ್ತೆ ನಗಲು ನೋಡಿದ. “ಇನ್ನ ಮ್ಯಾಲೆ ಹ್ಯಾಂಗ ಅನಸ್ತದ ಅಂತ ನನಗ ಕೇಳಬ್ಯಾಡಪಾ. ನೀನೇ ಹೇಳು.”

ಆ ದಿನ ಸಂಜೆ ಮನೆಗೆ ಹೋದವನು ನೀರು ಕುಡಿಯಲಿಲ್ಲ. ಬೆಳಿಗ್ಗೆ ಭಾವ ಕುಡಿದ ತಂಬಿಗೆ ಯಾವುದು ಎಂದು ತಿಳಿಯದೆ ಎಲ್ಲ ತಂಬಿಗೆಗಳನ್ನೂ ನೋಡುತ್ತ ನಿಂತೆ. ಬೂದಿ ಹಚ್ಚಿ ಎಲ್ಲವನ್ನೂ ತಿಕ್ಕಿದೆ. ಸುಟ್ಟ ಅಂಗೈಗೆ ಬೂದಿ ತಾಗಿ ಉರಿಯಿತು. ಆ ಉರಿಯಿಂದ ಸಮಾಧಾನವಾಯಿತು, ನನ್ನ ಕೈಗೆ ಇನ್ನೂ ತಿಳಿಯುತ್ತದೆ ಎಂದು. ನಿತ್ಯ ಮಲಗುವ ಮುಂಚೆ ಕಾಲನ್ನು ಸೂಜಿಯಿಂದ ಚುಚ್ಚಿಕೊಂಡು ನೋಡುತ್ತಿದ್ದೆ. ಭಾವನ ಜೊತೆ ಒಂದೇ ತಾಟಿನಲ್ಲಿ ಎಷ್ಟು ಸಲ ಉಂಡಿದ್ದೇನೆ ಎಂದು ನೆನಪಿಸಿಕೊಂಡು ಬೆವರುತ್ತಿದ್ದೆ. ಅಕ್ಕನ ಮೇಲಿನ ಪ್ರೀತಿಯಿಂದ ಅವ್ವನಿಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆದರಿಕೆಗೆ ಹೇಳಿದೆ. ಹೆದರಿಕೆಯನ್ನು ಒಬ್ಬನೇ ಹೊರಲಾರದೆ ಇನ್ನೊಬ್ಬರ ತಲೆಯ ಮೇಲೆ ಹಾಕಿದೆ.

ಅವ್ವ ಜೋಳ ಬೀಸುತ್ತಿದ್ದಳು. ಕೇಳಿದ ಮೇಲೂ ಬೀಸುವುದನ್ನು ನಿಲ್ಲಿಸಲಿಲ್ಲ. ಕಲ್ಲಿನಲ್ಲಿ ಕಾಳು ಮುಗಿದು ಬರಿ ಕಲ್ಲು ತಿರುಗುವ ಸದ್ದು ಬಂದಾಗ ಕೈ ಬಿಟ್ಟಳು.

“ಅಕಿಗೆ ಹತ್ಯದೇನು?”

“ಗೊತ್ತಿಲ್ಲ.”

“ಅಕಿನ ಕರಕೊಂಡು ಬಾ.”

“ಏನಂತ ಹೇಳಿ ಕರಕೊಂಡು ಬರ್ಲಿ?”

ಅದಕ್ಕೆ ಅವ್ವ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಅವು ಗಲಾಟೆಯ ದಿನಗಳು. ನಿಜಾಮರ ಆಳ್ವಿಕೆಯ ಕೊನೆಯ ಕಾಲ. ಹಳ್ಳಿಗಳಲ್ಲಿ ಲೂಟಿಯಾಯಿತು, ಬೆಂಕಿ ಬಿತ್ತು ಎಂದು ದಿನಕ್ಕೊಂದು ಸುದ್ದಿ. ಜನ ಹೆಣ್ಣುಮಕ್ಕಳನ್ನು ತವರಿಗೋ ತುಂಗಭದ್ರೆಯ ಆಚೆಗೋ ಕಳಿಸುತ್ತಿದ್ದರು. ಮಗಳನ್ನು ಕರೆದುಕೊಂಡು ಬಂದರೆ ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ. ಊರಿಗೆ ಬಂದ ಕೇಡನ್ನು ನಾವು ನಮ್ಮ ಗುಟ್ಟಿಗೆ ಮುಸುಕು ಮಾಡಿಕೊಂಡೆವು.

ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸಿನಲ್ಲಿ ಮಾನ್ವಿಗೆ ಹೋದೆ. ಭಾವನೇ ಮೊದಲು ಹೇಳಿದ: “ಛಲೋ ಆತು ಬಂದಿ. ನಾನೇ ಕಳಸ್ಬೇಕಂತಿದ್ದೆ. ಗಲಾಟಿ ಮುಗಿಯೂತನಾ ಅಲ್ಲಿರ್ಲಿ.” ಅಕ್ಕ ಎರಡು ಸೀರೆಗಳನ್ನು ಗಂಟು ಕಟ್ಟಿದಳು. ಇನ್ನೊಂದನ್ನು ಇಟ್ಟುಕೋ ಎಂದರೆ, “ಯಾಕೋ, ನಾ ಏನ ಅಲ್ಲೇ ಇರಾಕ ಬರ್ತೀನೇನು?” ಎಂದು ನಕ್ಕಳು. ಗಂಡನಿಗೆ ಉಪ್ಪಿನಕಾಯಿಯ ಗಡಿಗೆ ಎಲ್ಲಿದೆ, ಹಿಟ್ಟು ಎಷ್ಟು ಇದೆ ಎಂದು ಹೇಳಿದಳು. ಆಮೇಲೆ ಮೆಲ್ಲಗೆ, “ದಿನಾ ಕಾಲು ನೋಡ್ಕೋರಿ,” ಎಂದಳು. ಅದು ನನಗೆ ಕೇಳಿಸಿತು. ಹೆಂಡತಿ ಹೇಳುವ ಮಾತು ಎಂದುಕೊಂಡೆ.

ಬಸ್ಸಿನ ಹತ್ತಿರ ಭಾವ ನನ್ನನ್ನು ಬದಿಗೆ ಕರೆದ.

“ಯಾರ ಮುಂದೂ ಅಂದಿಲ್ಲ ಹೌದಿಲ್ಲೋ?”

“ಇಲ್ಲ ಭಾವ.”

“ನನಗ ಗೊತ್ತದ ಬಿಡು,” ಎಂದು ಭುಜ ತಟ್ಟಿದ. ನಾನು ಭುಜ ಹಿಂದಕ್ಕೆ ತೆಗೆದುಕೊಂಡದ್ದು ಅವನಿಗೆ ತಿಳಿಯಿತೋ ಇಲ್ಲವೋ.

ಮಳೆಗಾಲ ಮುಗಿಯುವಾಗ ನಿಜಾಮರ ರಾಜ್ಯವೂ ಮುಗಿಯಿತು. ಊರುಬಿಟ್ಟವರು ಊರಿಗೆ ಮರಳಿದರು. ಅಕ್ಕ ಗಂಟು ಕಟ್ಟಿಕೊಂಡು ಕುಳಿತಳು. ಅಷ್ಟರಲ್ಲಿ ಮಿಲ್ಲಿನ ಲಾರಿಯವನು ಅಂಗಡಿಗೆ ಬಂದು, “ನಿಮ್ಮ ಭಾವ ಐತವಾರ ಬರ್ತಾರಂತ್ರೀ, ಅಕ್ಕಾರ್ನ ಕರಕೊಂಡು ಹೋಗಾಕ,” ಎಂದ. ಅದನ್ನು ನಾನು ಅಕ್ಕನಿಗೆ ಹೇಳಲಿಲ್ಲ, ಅವ್ವನಿಗೆ ಹೇಳಿದೆ. ಅವ್ವ ಶನಿವಾರವೇ ಅಕ್ಕನನ್ನು ಮಟಮಾರಿಗೆ ಕಳಿಸಿದಳು. ಅಲ್ಲಿ ನಮ್ಮ ದೊಡ್ಡವ್ವ ಇದ್ದಳು. ದೊಡ್ಡವ್ವನಿಗೆ ಮೈಯಲ್ಲಿ ಆರಾಮಿಲ್ಲ, ಎರಡು ದಿನ ಇದ್ದು ಬಾ ಎಂದಳು ಅವ್ವ. ದೊಡ್ಡವ್ವ ಗಟ್ಟಿಮುಟ್ಟಾಗಿಯೇ ಇದ್ದಳು.

ಐತವಾರ ಬೆಳಿಗ್ಗೆ ಗಾಡಿಯ ಸದ್ದು ಓಣಿಯ ಆ ತುದಿಯಿಂದಲೇ ಕೇಳಿಸಿತು. ಅವ್ವ ಒಳಗೆ ಹೋಗಿ ದೇವರ ಕೋಣೆಯಲ್ಲಿ ಕುಳಿತಳು. ನಾನು ಬಾಗಿಲಲ್ಲಿ ನಿಂತೆ. ಭಾವ ಹೊಸ ಶೇಂಗಾದ ಒಂದು ಸಣ್ಣ ಚೀಲ ಹಿಡಿದು ಬಂದ. ಕಾಲಿಗೆ ಸಿಪಾಯಿಗಳ ಹಾಗೆ ಪಟ್ಟಿ ಸುತ್ತಿಕೊಂಡಿದ್ದ. ಸ್ವಲ್ಪ ಸೊರಗಿದ್ದ, ಆದರೆ ಮುಖದಲ್ಲಿ ಕಳೆ ಇತ್ತು.

“ಏನಪಾ, ರಾಜ್ಯ ಬದಲಾತು, ಅಳಿಯಗ ಕಾಲಿಗೆ ನೀರು ಕೊಡೂ ಪದ್ಧತೀನೂ ಬದಲಾತೇನು?”

ಅಳಿಯ ಬಂದರೆ ಹೆಂಡತಿಯ ತಮ್ಮ ಹೊಸ್ತಿಲಲ್ಲಿ ಅವನ ಕಾಲಿಗೆ ನೀರು ಹಾಕಬೇಕು. ಪ್ರತಿ ಸಲ ನಾನೇ ಹಾಕುತ್ತಿದ್ದೆ. ತಣ್ಣೀರು ಸುರಿದು ಅವನನ್ನು ಕುಣಿಸುತ್ತಿದ್ದೆ. ಆ ದಿನ ನಾನು ತಂಬಿಗೆಯನ್ನು ಮೆಟ್ಟಿಲ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ಅವನು ತಂಬಿಗೆಯನ್ನು ನೋಡಿದ, ನನ್ನನ್ನು ನೋಡಿದ. ಎಲ್ಲ ತಿಳಿಯಿತು.

“ಹೇಳಿಬಿಟ್ಟಿ,” ಎಂದ.

ನಾನು ತಲೆ ತಗ್ಗಿಸಿದೆ.

“ಹೋಗ್ಲಿ. ಅಕಿನ ಕರಿ. ನಾ ಅಕಿ ಕೂಡ ಮಾತಾಡ್ತೀನಿ.”

ಇಲ್ಲಿ ಅವ್ವ ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ಅಕ್ಕ ಊರಲ್ಲಿ ಇಲ್ಲ ಎಂದು ಹೇಳಿ ಕಳಿಸು ಎಂದಿದ್ದಳು, ಅಷ್ಟೇ. ಹಾಗೆ ಹೇಳಿದ್ದರೆ ಅವನು ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿದ್ದ. ಮತ್ತೆ ಬಾಗಿಲಲ್ಲಿ ನಾನೇ ನಿಲ್ಲಬೇಕಾಗುತ್ತಿತ್ತು. ಒಂದೇ ಸಲಕ್ಕೆ ಮುಗಿಸಿಬಿಡಬೇಕು ಎನಿಸಿತು. ಬಾಯಿಗೆ ಬಂದದ್ದು ನನ್ನದೇ ಮಾತು.

“ಅಕ್ಕ ಬರಂಗಿಲ್ಲಂತ. ಅಕಿಗೂ ಗೊತ್ತಾಗ್ಯದ. ನಿಮ್ಮ ಮಾರಿ ಸೈತ ನೋಡಂಗಿಲ್ಲ ಅಂದಾಳ.”

“ಅಕಿ ತನ್ನ ಬಾಯಿಲೆ ಅಂದಳೇನು?”

“ಅಂದಳು.”

“ನನ್ನ ನೋಡಿ ಹೇಳು.”

ನಾನು ಅವನನ್ನು ನೋಡಿ ಹೇಳಿದೆ, “ಅಂದಳು.”

ಅವನು ಮೆಟ್ಟಿಲ ಮೇಲೆ ಕುಳಿತ. ಎಷ್ಟೋ ಹೊತ್ತು ಕುಳಿತ. ಎದುರು ಮನೆಯ ಮುದುಕಿ, “ಯಾಕ ಯಪ್ಪಾ, ಹೊರಗ ಕುಂತಿ? ಒಳಗ ಹೋಗು,” ಎಂದಳು. “ಹೂಂ ಯವ್ವಾ, ಹೊಂಟೀನಿ,” ಎಂದ. ಎದ್ದು, ತಂಬಿಗೆಯ ನೀರನ್ನು ಮುಟ್ಟದೆ, ಶೇಂಗಾದ ಚೀಲವನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೋದ. ಅವ್ವ ಆ ಚೀಲವನ್ನು ಕಟ್ಟಿಗೆಯಿಂದ ನೂಕಿಸಿ ಓಣಿಯ ದನಗಳಿಗೆ ಹಾಕಿಸಿದಳು. ತಂಬಿಗೆಯನ್ನೂ ಎಸೆಯಿಸಿದಳು.

ಅಕ್ಕ ಮಟಮಾರಿಯಿಂದ ಬಂದಳು. ಭಾವ ಬಂದಿದ್ದ ಎಂದು ನಾವು ಹೇಳಲಿಲ್ಲ. ಎದುರು ಮನೆಯ ಮುದುಕಿಯಿಂದಲೂ ಹೇಳುವುದಿಲ್ಲ ಎಂದು ಅವ್ವ ಮಾತು ತೆಗೆದುಕೊಂಡಿದ್ದಳು. ಅವಳು ಕಾದಳು. ದೀಪಾವಳಿ ಹೋಯಿತು, ಸುಗ್ಗಿ ಹೋಯಿತು. ನೋಡಿಕೊಂಡು ಬಾ ಎಂದು ನನ್ನನ್ನು ಮಾನ್ವಿಗೆ ಕಳಿಸಿದಳು. ಹೋಗುವ ದಾರಿಯಲ್ಲಿ, ಮನೆಗೆ ಬೀಗ ಹಾಕಿತ್ತು ಎಂದು ಬಂದು ಹೇಳಬೇಕೆಂದು ಸುಳ್ಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಹೋಗಿ ನೋಡಿದರೆ ನಿಜವಾಗಿ ಬೀಗ ಹಾಕಿತ್ತು. ಗಾಡಿಯನ್ನು ಮಿಲ್ಲಿನವರಿಗೆ ಒಪ್ಪಿಸಿ ಎಲ್ಲಿಯೋ ಹೋದ ಎಂದರು ನೆರೆಯವರು. ಒಬ್ಬ ಮಾತ್ರ ದನಿ ತಗ್ಗಿಸಿ, ಹೊಳೆಯಾಚೆ ಪಾದ್ರಿಗಳ ಆಸ್ಪತ್ರೆಗೆ ಹೋದನಂತೆ ಎಂದ. ನಾನು ಬೀಗದ ಸಂಗತಿಯನ್ನಷ್ಟೇ ಅಕ್ಕನಿಗೆ ಹೇಳಿದೆ.

ಅವಳು ಅಳಲಿಲ್ಲ. “ನನಗೂ ಹೇಳದ ಹ್ವಾದ್ರಾ?” ಎಂದು ಒಂದು ಸಲ ಕೇಳಿದಳು. ಗೋಡೆಯನ್ನು ಕೇಳಿದ ಹಾಗೆ ಕೇಳಿದಳು. ಆಮೇಲೆ ನಮ್ಮ ಮನೆಯ ಕೆಲಸದಲ್ಲಿ ಬಿದ್ದಳು. ಅವಳ ಮೈಗೆ ಏನೂ ಹತ್ತಿರಲಿಲ್ಲ. ಕೊನೆಯವರೆಗೂ ಹತ್ತಲಿಲ್ಲ.

ನನಗೆ ಸರಕಾರಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಅವ್ವ ಹೋದಳು. ಒಂದು ದಿನ ನನ್ನ ಸಣ್ಣ ಮಗಳು ಬಿಸಿ ಹಂಚು ತುಳಿದು ಅಂಗಾಲು ಸುಟ್ಟುಕೊಂಡು ಬೊಬ್ಬೆ ಹಾಕುತ್ತಿದ್ದಳು. ಅಕ್ಕ ಲೋಳೆಸರ ಹಚ್ಚುತ್ತ, “ಅಳು, ಅಳು. ಅಳು ಬರ್ತದಲ್ಲ, ಅದೇ ಪುಣ್ಯ,” ಎಂದಳು. ನಾನು ಅಲ್ಲಿಯೇ ಕುಳಿತಿದ್ದೆ. ನನ್ನ ಕಡೆ ತಿರುಗಿದಳು.

“ಅವರಿಗೆ ಸುಟ್ರ ತಿಳೀತಿದ್ದಿಲ್ಲ. ಅದಕ್ಕ ನಿನಗ ತಗಡು ಬಡಿ ಅಂದಿದ್ದೆ. ಯಾರರೆ ನೋಡಿದ್ರ ಅಂತ ಜೀವ ಹೊಡಕೊಂತಿತ್ತು.”

“ನಿನಗ… ಗೊತ್ತಿತ್ತೇನು?”

“ಹೇಣ್ತಿಗೆ ಗೊತ್ತಿರಂಗಿಲ್ಲೇನೋ ಹುಚ್ಚಾ? ಅವರು ಮಲಗಿದಾಗ ನಾನೇ ಎಣ್ಣಿ ಹಚ್ಚತಿದ್ದೆ. ಅವರಿಗೆ ಅದೂ ತಿಳೀತಿದ್ದಿಲ್ಲ.” ಮಗಳ ಅಂಗಾಲಿಗೆ ಇನ್ನಷ್ಟು ಲೋಳೆಸರ ಹಚ್ಚಿದಳು. “ನನಗ ಹೇಳಾಕ ನಾಚಿ ಓಡಿಹ್ವಾದ್ರು. ಒಂದ ಸಲ ಈ ಬಾಗಲಿಗೆ ಬಂದಿದ್ರ ಸಾಕಿತ್ತು. ಉಟ್ಟ ಸೀರಿ ಮ್ಯಾಲೆ ಹೋಗ್ತಿದ್ದೆ.”

ಆಗ ಹೇಳಬಹುದಿತ್ತು. ಬಂದಿದ್ದ, ಇದೇ ಬಾಗಿಲಿಗೆ ಬಂದಿದ್ದ, ಇದೇ ಮೆಟ್ಟಿಲ ಮೇಲೆ ಕುಳಿತಿದ್ದ ಎನ್ನಬಹುದಿತ್ತು. ಮಗಳು ಅಳುತ್ತಿದ್ದಳು. ಹೆಂಡತಿ ಒಳಗಿನಿಂದ ಏನೋ ಕೂಗಿದಳು. ನಾನು ಎದ್ದು ಹೋದೆ.

ಅದಾದ ಮೇಲೆ ಕಚೇರಿಯ ಕೆಲಸ ಎಂದು ಹೇಳಿ ಹೊಳೆಯಾಚೆಯ ಆಸ್ಪತ್ರೆಗೆ ಹೋದೆ. ಆ ಹೊತ್ತಿಗೆ ಆ ರೋಗಕ್ಕೆ ಗುಳಿಗೆ ಬಂದು ಬಹಳ ವರ್ಷಗಳಾಗಿದ್ದವು. ಭಾವನ ಗುರುತು ಹೇಳಿದೆ. ಅಲ್ಲಿಯ ಒಬ್ಬ ವಯಸ್ಸಾದ ಚಾಕರಿಯವ ಕೂಡಲೇ, “ಹತ್ತಿ ಎಳದು ತೋರಿಸ್ತಿದ್ರಲ್ಲ, ಅವರಾ?” ಎಂದ. ಗುಣವಾಯಿತಂತೆ. ಬೆರಳು ಒಂದೂ ಕೆಡಲಿಲ್ಲವಂತೆ. ಮನೆಗೆ ಹೋಗಿ ಎಂದರೆ, “ನನಗ ಮನಿ ಇಲ್ಲ” ಎಂದು ಬೇರೆ ಊರಿಗೆ ಹೊರಟು ಹೋದನಂತೆ. ಯಾವ ಊರಿಗೆ ಎಂದು ಆ ಚಾಕರಿಯವನಿಗೆ ಗೊತ್ತಿರಲಿಲ್ಲ.

“ನೀವು ಅವರಿಗೆ ಏನಾಗಬೇಕ್ರಿ?” ಎಂದು ಕೇಳಿದ. ಪರಿಚಯದವರು ಎಂದೆ.

ಆ ಸುದ್ದಿಯನ್ನೂ ಅಕ್ಕನಿಗೆ ಹೇಳಲಿಲ್ಲ. ಗುಣವಾಗಿ ಎಲ್ಲಿಯೋ ಬದುಕಿದ್ದಾನೆ ಎಂದರೆ ಅವಳು ಮೊದಲು ಕೇಳುವುದು, ಹಾಗಾದರೆ ನನ್ನ ಹತ್ತಿರ ಯಾಕೆ ಬರಲಿಲ್ಲ ಎಂದು. ಅದಕ್ಕೆ ಉತ್ತರ ನಾನೇ ಆಗಿದ್ದೆ. ಹಾಗೆ ಒಂದು ಮಾತನ್ನು ಮುಚ್ಚಲು ಇನ್ನೊಂದು ಮಾತನ್ನು ಮುಚ್ಚುತ್ತ ಒಂದೇ ಸೂರಿನ ಕೆಳಗೆ ನಾವಿಬ್ಬರೂ ಮುದುಕರಾದೆವು. ಅವಳು ಬಡಿಸಿದ್ದನ್ನು ನಾನು ಉಂಡೆ. ಅವಳು ನನ್ನನ್ನು ಒಳ್ಳೆಯವನೆಂದೇ ತಿಳಿದಿದ್ದಳು. ಗಂಡ ಬಿಟ್ಟವಳನ್ನು ತಮ್ಮ ಕೈಬಿಡಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಅದನ್ನು ಕೇಳಿಸಿಕೊಂಡು ಕುಳಿತಿರುತ್ತಿದ್ದೆ.

ಹೋದ ವರ್ಷ ಅವಳು ತೀರಿಕೊಂಡಳು. ಹೆಚ್ಚು ದಿನ ಮಲಗಲಿಲ್ಲ. ನಮ್ಮ ಪದ್ಧತಿಯಂತೆ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಓಣಿಯ ಹೆಂಗಸರು ಸೀರೆ ಉಡಿಸಿ, ಮುಂದಿನದಕ್ಕೆ ಬಂದಾಗ ಕೈ ತಡೆದರು. ಹಿರಿಯಳೊಬ್ಬಳು ಹೊರಗೆ ಬಂದು ನನ್ನ ಮುಂದೆ ನಿಂತಳು.

“ಯಣ್ಣಾ, ಅಕಿಗೆ ಹಸರು ಬಳಿ ಇಡಬೇಕೋ ಬ್ಯಾಡೋ? ಕುಂಕುಮ ಹಚ್ಚಬೇಕೋ ಬ್ಯಾಡೋ? ಗಂಡ ಇದ್ದಾನಂತ ಕಳಸ್ಬೇಕೋ, ಇಲ್ಲಂತ ಕಳಸ್ಬೇಕೋ? ನಮಗ್ಯಾರಿಗೂ ತಿಳೀವಲ್ದು. ನೀವೇ ಹೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟು ಜನರಲ್ಲಿ ಅದನ್ನು ಹೇಳಬಲ್ಲವನು ನಾನೊಬ್ಬನೇ ಎಂದು ಅವರು ತಿಳಿದಿದ್ದರು. ನನಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನೇ.

“ಹಚ್ರಿ,” ಎಂದೆ. “ಬಳಿ ಇಡ್ರಿ.”

“ಖರೇ ಇದ್ದಾನೇನ್ರಿ?”

“ಇದ್ದಾನ.”

ಅವರು ಒಳಗೆ ಹೋದರು. ಬಳೆಗಾರನನ್ನು ಕರೆಸಿದರು. ತಣ್ಣಗಾದ ಕೈಗೆ ಬಳೆ ಏರುತ್ತಿರಲಿಲ್ಲ. ಒಂದೆರಡು ಒಡೆದ ಸದ್ದು ಹೊರಗೆ ಕುಳಿತ ನನಗೆ ಕೇಳಿಸಿತು.